ನೀಲಿ ಕೊಡೆಯ ಕಾಗದ

ಆರನೆಯ ಕಡ್ಡಿಗೆ ಬಟ್ಟೆ ಹೊಲಿದು ಏಳನೆಯದಕ್ಕೆ ಸೂಜಿ ತಿರುಗಿಸುವ ಹೊತ್ತಿಗೆ ದಾರ ಗಂಟಾಯಿತು. ಕಡ್ಡಿಯಣ್ಣ ಇನ್ನೊಂದು ಸೂಜಿಯನ್ನು ತುಟಿಯಲ್ಲಿ ಕಚ್ಚಿಕೊಂಡು ಗಂಟು ಬಿಡಿಸುತ್ತಾ, ಬಿಡುವಾಗಿದ್ದ ಒಂದು ಕಿರುಬೆರಳಿನಿಂದ ಅಂಗಡಿಯ ಹಳೆಯ ಕಂಪ್ಯೂಟರಿನ ಪುಟವನ್ನು ಕೆಳಕ್ಕೆ ಸರಿಸುತ್ತಿದ್ದ. ದಿನಾ ಬೆಳಿಗ್ಗೆ ಅವನ ಕೆಲಸ ಹೀಗೇ ಶುರುವಾಗುವುದು. ಕೈಗೆ ಕೊಡೆ, ಕಣ್ಣಿಗೆ ಆಕಾಶ.

ಕಡ್ಡಿಯಣ್ಣ ಎಂದರೆ ಗಾಜಿನ ಸೂರಿನ ಅಂಗಡಿ ಸಾಲಿನಲ್ಲಿ ಕೊಡೆ ರಿಪೇರಿ ಮಾಡುವವನು. ನಿಜವಾದ ಹೆಸರು ಬೇರೆ ಇತ್ತು. ಆದರೆ ಮೈಕಟ್ಟು ನೋಡಿದವರಿಗೆ ಆ ಹೆಸರಿನ ಅಗತ್ಯ ಬೀಳುತ್ತಿರಲಿಲ್ಲ. ಆಕಾಶ ಎಂದರೆ ನದಿಯಾಚೆಯ ಶಾಲೆಯ ಡ್ರಾಯಿಂಗ್ ಟೀಚರ್ ತಮ್ಮ ಕಿಟಕಿಯಿಂದ ದಿನಕ್ಕೊಂದರಂತೆ ತೆಗೆದು ಆ ಪುಟಕ್ಕೆ ಹಾಕುತ್ತಿದ್ದ ಚಿತ್ರ. ಒಂದು ದಿನ ಹಿಂಜಿದ ಹತ್ತಿಯಂಥ ಮೋಡ, ಒಂದು ದಿನ ಬರೀ ಬೂದು ಬಣ್ಣ, ಒಂದು ದಿನ ಮೂಲೆಯಲ್ಲಿ ಮರೆತು ಹೋದಂತೆ ಒಂದು ಹಕ್ಕಿ. ಅದನ್ನು ನೋಡಿದ ಮೇಲೆ ಕಡ್ಡಿಯಣ್ಣನಿಗೆ ಅರ್ಧ ಗಂಟೆ ಅಂಗಡಿಯ ನೆಲ ಕಾಲಿಗೆ ತಾಗುತ್ತಿರಲಿಲ್ಲ.

ಆದರೆ ಆ ಆಕಾಶ ಸಿಗಬೇಕಾದರೆ ಎಷ್ಟು ಕಸ ದಾಟಬೇಕು ಎನ್ನುತ್ತೀರಿ. ಕಟಿಂಗ್ ಅಂಗಡಿಯವನು ಆ ದಿನ ಕತ್ತರಿಸಿದ ತಲೆಗಳ ಹಿಂಭಾಗ, ಬೀಗದಂಗಡಿಯವರ ಹಿತವಚನ, ಮಂಡಿನೋವಿಗೆ ಒಂದೇ ಮದ್ದು, ಮುಖ ನೋಡಿ ನೀವು ಯಾವ ಪ್ರಾಣಿ ಎಂದು ಹೇಳುವ ಆಟ. ಎಲ್ಲಕ್ಕಿಂತ ಹೆಚ್ಚಾಗಿ ಕೊಡೆಯ ಜಾಹೀರಾತು. ಯಾವತ್ತೋ ಒಂದು ದಿನ ಕಡ್ಡಿಗಳ ಬೆಲೆ ಹುಡುಕಿದ್ದೇ ತಪ್ಪಾಯಿತು. ಅಂದಿನಿಂದ ಪುಟ ತೆರೆದರೆ ಸಾಕು, 'ಹಳೆಯದನ್ನು ಎಸೆಯಿರಿ, ಹೊಸ ಕೊಡೆ ಕೊಳ್ಳಿ' ಎಂದು ಬಣ್ಣ ಬಣ್ಣದ ಕೊಡೆಗಳು ಎದುರಿಗೆ ಬಂದು ಕುಣಿಯುತ್ತಿದ್ದವು. ರಿಪೇರಿಯವನ ಅಂಗಡಿಯೊಳಗೇ ನುಗ್ಗಿ ಹಾಗೆ ಕುಣಿದರೆ ಯಾರಿಗೆ ತಾನೇ ಉರಿಯದು.

ಆ ಶುಕ್ರವಾರ ಇಂಥ ರಾಶಿಯ ಅಡಿಯಲ್ಲಿ ಅವನಿಗೆ ಎರಡು ದಿನ ಹಳೆಯದಾದ ಒಂದು ಆಕಾಶ ಸಿಕ್ಕಿತು. ಕೆಳಗೆ ಟೀಚರ್ ಎಂದೂ ಬರೆಯದವರು ಎರಡು ಸಾಲು ಬರೆದಿದ್ದರು: 'ಸೋಮವಾರದಿಂದ ದೂರದ ಊರಿನ ಶಾಲೆ. ಈ ಕಿಟಕಿ ಭಾನುವಾರದವರೆಗೆ ಮಾತ್ರ ನನ್ನದು.'

ಕಡ್ಡಿಯಣ್ಣನ ತುಟಿಯಿಂದ ಸೂಜಿ ಜಾರಿತು.

ಅಂಗಡಿಯ ಒಳಗೋಡೆಯ ಮೊಳೆಯಲ್ಲಿ ಒಂದು ನೀಲಿ ಕೊಡೆ ಮೂರು ವರ್ಷದಿಂದ ತೂಗುತ್ತಿತ್ತು. ಹಿಡಿ ಬಾತುಕೋಳಿಯ ಕತ್ತಿನಂತೆ. ಟೀಚರ್ ಒಂದು ಸಂಜೆ ಅದನ್ನು ತಂದುಕೊಟ್ಟು, "ಅವಸರ ಏನಿಲ್ಲ, ಆದಾಗ ಒಂದು ಕಾಗದ ಹಾಕಿ" ಎಂದು ನಕ್ಕು ಹೋಗಿದ್ದರು. ರಿಪೇರಿ ಅಂದೇ, ಅರ್ಧ ಗಂಟೆಯಲ್ಲಿ ಮುಗಿದಿತ್ತು. ಕಾಗದ ಮಾತ್ರ ಮೂರು ವರ್ಷದಿಂದ ನಡೆಯುತ್ತಿತ್ತು.

ಕೆಲಸ ಮುಗಿದಾಗ ಗಿರಾಕಿಗೆ ಅಚ್ಚು ಹಾಕಿಸಿದ ಕಾರ್ಡು ಕಳಿಸುವುದು ಅಪ್ಪನ ಕಾಲದಿಂದ ಆ ಅಂಗಡಿಯ ಪದ್ಧತಿ. 'ನಿಮ್ಮ ಕೊಡೆ ಸಿದ್ಧವಾಗಿದೆ' ಎಂದು ಮೇಲೆ ದಪ್ಪಕ್ಷರ, ಕೆಳಗೆ ಸಣ್ಣಕ್ಷರದಲ್ಲಿ ಏನೋ ಒಂದಿಷ್ಟು. ಹೆಸರು ತುಂಬಿ ಅಂಚೆ ಪೆಟ್ಟಿಗೆಗೆ ಹಾಕಿದರಾಯಿತು. ಎಲ್ಲರಿಗೂ ಕಳಿಸಿದ. ಟೀಚರಿಗೆ ಮಾತ್ರ ಆ ಒಣ ಕಾರ್ಡು ಕಳಿಸಲು ಮನಸ್ಸು ಬರಲಿಲ್ಲ. ಸ್ವಂತ ಕೈಯಲ್ಲಿ ನಾಲ್ಕು ಮಾತು ಬರೆಯಬೇಕು, ಕೊನೆಗೆ ಒಂದು ಮಾತು ಕೇಳಬೇಕು ಎಂದಿದ್ದ. ಬರೆದ, ಹರಿದ, ಬರೆದ, ಮಡಿಚಿಟ್ಟ. ಕೆಳಗಿನ ಡ್ರಾಯರ್ ತುಂಬಿತು. ತಿಂಗಳಿಗೊಮ್ಮೆ ಎದುರಿನ ಕಾಗದದಂಗಡಿಯಿಂದ ಲಕೋಟೆ ತರುತ್ತಿದ್ದ. ಆ ಅಂಗಡಿ ಅವನ ಚಿಕ್ಕಮ್ಮನದು. ತಾಯಿ ಇಲ್ಲದ ಅವನನ್ನು ಬೆಳೆಸಿದವಳು ಅವಳೇ. ಲಕೋಟೆ ಕೊಡುವಾಗಲೆಲ್ಲ, "ಇದಾದ್ರೂ ಊರು ಬಿಡುತ್ತೇನಪ್ಪಾ?" ಎಂದು ಕೇಳುತ್ತಿದ್ದಳು.

ಈಗ ಉಳಿದಿದ್ದು ಇವತ್ತು. ಸಂಜೆ ಐದೂವರೆಯ ಟಪಾಲಿಗೆ ಹಾಕಿದರೆ ನಾಳೆ ನದಿ ದಾಟುತ್ತದೆ. ತಪ್ಪಿದರೆ ಟೀಚರೇ ದಾಟಿ ಹೋಗಿರುತ್ತಾರೆ.

ಆದರೆ ಮನುಷ್ಯನ ಬುದ್ಧಿ ನೋಡಿ. ಅವನು ಮೊದಲು ಪೆನ್ನು ಹುಡುಕಲಿಲ್ಲ. ಎರಡು ದಿನ ಆ ಸುದ್ದಿಯನ್ನು ಮರೆಮಾಡಿದ ಕಸದ ಮೇಲೆ ಕೋಪ ಬಂತು. ಪಕ್ಕದ ಕನ್ನಡಕದಂಗಡಿಗೆ ಹೋಗಿ ಕನ್ನಡಕದಕ್ಕನನ್ನು ಕರೆದುಕೊಂಡು ಬಂದ.

ಕನ್ನಡಕದಕ್ಕನಿಗೆ ಕಂಪ್ಯೂಟರ್ ಎಂದರೆ ಇನ್ನೊಂದು ಜೊತೆ ಕನ್ನಡಕ. ಒರೆಸಿ ಕೂರಿಸುವುದು ಅವಳಿಗೆ ಗೊತ್ತು. "ಇದಕ್ಕೆ ಬ್ರೌಸರಿಗೆ ಒಂದು ಆಡ್-ಆನ್ ಹಾಕ್ಬೇಕು ತಮ್ಮಾ," ಎಂದು ಕುರ್ಚಿ ಎಳೆದುಕೊಂಡಳು. "ಬೇಡದ ಪದ ಹೇಳು. ಆ ಪದ ಇರೋದೆಲ್ಲ ಮಾಯ ಆಗುತ್ತೆ."

"ಎಲ್ಲಿಗೆ ಹೋಗುತ್ತೆ?"

"ಎಲ್ಲಿಗೂ ಹೋಗಲ್ಲ. ಇದ್ದಲ್ಲೇ ಇರುತ್ತೆ. ನಿನ್ನ ಕಣ್ಣಿಗೆ ಮಾತ್ರ ಕಾಣಲ್ಲ."

ಈ ಮಾತನ್ನು ಅವನು ಸರಿಯಾಗಿ ಕೇಳಿಸಿಕೊಂಡಿದ್ದರೆ ನಮ್ಮ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಅವನು ಆಗಲೇ ಪದ ಹುಡುಕುತ್ತಿದ್ದ. "ಮೊದಲು 'ಕೊಡೆ' ಅಂತ ಹಾಕಿ ಅಕ್ಕಾ."

"ನೋಡ್ಕೋ. ನಿನ್ನ ಕಸುಬೇ ಅದು."

"ಕಸುಬು ಕೈಯಲ್ಲಿದೆ. ಕಣ್ಣಿಗೆ ಬೇಡ."

"ಸರಿ ಬಿಡು. ಹೋದ ವಾರ ಒಬ್ರು ಗಿರಾಕಿಗೂ ಇದೇ ಪದ ಮುಚ್ಚಿಕೊಟ್ಟೆ. ಅವರಿಗೂ ಇದೇ ಗೋಳು," ಎನ್ನುತ್ತಾ ಅಕ್ಕ ಬೆರಳಾಡಿಸಿದಳು. ಪರದೆಯ ಮೇಲಿನ ಕೊಡೆಗಳೆಲ್ಲ ಗಾಳಿಗೆ ಹಾರಿದಂತೆ ಹೋದವು.

ಅಷ್ಟರಲ್ಲಿ ಕಟಿಂಗ್ ಅಂಗಡಿಯವನು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಂದ. ಬೇರೆಯವರ ಅಂಗಡಿಯಲ್ಲಿ ಇಬ್ಬರು ಕೂತರೆ ಮೂರನೆಯವನಾಗಿ ನಿಲ್ಲದಿದ್ದರೆ ಅವನಿಗೆ ಕತ್ತರಿ ಹಿಡಿಯಲು ಆಗುತ್ತಿರಲಿಲ್ಲ. ವಿಷಯ ತಿಳಿದು ಕಿವಿಯ ಹತ್ತಿರ ಬಗ್ಗಿದ. "ಹಂಗಾದ್ರೆ ಬೀಗದಣ್ಣನ್ನ ಮುಚ್ಚು. ದಿನಾ ಬೆಳಿಗ್ಗೆ 'ಸಮಸ್ತರಿಗೂ ನಮಸ್ಕಾರ' ಅಂತ ಶುರು ಮಾಡ್ತಾರೆ, ಮಧ್ಯಾಹ್ನದವರೆಗೂ ಮುಗಿಯಲ್ಲ. ಆ 'ಸಮಸ್ತರಿಗೂ' ಅನ್ನೋದನ್ನ ಹಾಕು, ಸಾಕು."

ಹಾಕಿದ್ದಾಯಿತು. ಅವನು ಹೋಗಿ ಐದು ನಿಮಿಷಕ್ಕೆ ಬೀಗದಣ್ಣ ಬಂದರು, ಸೊಂಟದಲ್ಲಿ ಬೀಗದ ಕೈಗಳ ಗೊಂಚಲು ಝಣಝಣಿಸುತ್ತಾ. "ಆ ತಲೆ ಕತ್ತರಿಸೋನ ಚಿತ್ರಗಳನ್ನ ಮುಚ್ಚಪ್ಪಾ. ಬೆಳಿಗ್ಗೆ ಎದ್ದು ಯಾರದೋ ಕುತ್ತಿಗೆ ನೋಡ್ಬೇಕಾ? 'ಹೊಸ ಸ್ಟೈಲ್' ಅಂತ ಬರೀತಾನೆ, ಅದನ್ನ ಹಾಕು."

ಅದನ್ನೂ ಹಾಕಿದ್ದಾಯಿತು. ಯಾರಿಗೂ ಇಲ್ಲ ಎನ್ನುವುದು ಕಡ್ಡಿಯಣ್ಣನ ಬಾಯಿಗೆ ಬರುತ್ತಿರಲಿಲ್ಲ.

ಹತ್ತೂವರೆಗೆ ಪರದೆ ತೊಳೆದ ಸ್ಲೇಟಿನಂತಾಗಿತ್ತು. ಬಿಳಿಯ ಪುಟದ ನಡುವೆ ಆಕಾಶದ ಚಿತ್ರವೊಂದೇ. ಗಾಜಿನ ಸೂರಿನಿಂದ ಬಿಸಿಲು ಸೋಸಿ ಬಂದು ಆ ಚಿತ್ರದ ಮೇಲೆ ಬಿದ್ದು, ಯಾವುದು ಒಳಗಿನ ಮೋಡ ಯಾವುದು ಹೊರಗಿನದು ಎಂದು ತಿಳಿಯದಾಯಿತು. ಅವನು ಕೈಕಟ್ಟಿ ನೋಡುತ್ತಾ ಕುಳಿತ. ಜಗತ್ತು ಇಷ್ಟೇ ಇದ್ದರೆ ಎಷ್ಟು ಚೆನ್ನ ಎನಿಸಿತು. ಒಂದು ಕಿಟಕಿ, ಅದರಾಚೆ ಒಬ್ಬರು, ನಡುವೆ ಒಂದು ನದಿ. ಆ ನದಿಯ ಸದ್ದು ಸಹ ಕೇಳಿಸತೊಡಗಿತು. ಝುಳುಝುಳು. ಆಮೇಲೆ ಏನೋ ಕಾಲಿಗೆ ತಣ್ಣಗೆ ತಾಗಿತು.

ಕೆಳಗೆ ನೋಡಿದರೆ ಅಂಗಡಿಯಲ್ಲಿ ಪಾದ ಮುಳುಗುವಷ್ಟು ನೀರು.

"ಕಡ್ಡೀ, ಎತ್ತೋ ಸಾಮಾನು," ಎಂದು ಚಿಕ್ಕಮ್ಮ ಎದುರಿನಿಂದ ಕೂಗಿದಳು. ಅಂಗಡಿ ಸಾಲಿನ ನೆಲ ತೊಳೆಯುವವರು ದೊಡ್ಡ ಪೈಪು ಬಿಟ್ಟಿದ್ದರು. ಉಳಿದವರೆಲ್ಲ ಬಾಗಿಲಿಗೆ ಗೋಣಿ ಅಡ್ಡ ಇಟ್ಟು ಸಾಮಾನು ಮೇಜಿನ ಮೇಲೇರಿಸಿ ಕಾಲು ಮಡಚಿ ಕುಳಿತಿದ್ದರು. ಇವನ ನೆಲದ ಮೇಲೆ ಮೂವತ್ತು ಕೊಡೆಗಳು ಕಟ್ಟುಕಟ್ಟಾಗಿ ಮಲಗಿದ್ದವು. ಕೆಳಗಿನ ಡ್ರಾಯರ್ ಅರ್ಧ ನೀರಿನೊಳಗಿತ್ತು.

ಬೀಗದಣ್ಣ ಪ್ಯಾಂಟು ಮೇಲೆತ್ತಿಕೊಂಡು ಬಂದರು. "ಹನ್ನೊಂದಕ್ಕೆ ನೀರು ಬಿಡ್ತಾರೆ ಅಂತ ಬೆಳಿಗ್ಗೆ ನೋಟಿಸ್ ಹಾಕಿದ್ನಲ್ಲಯ್ಯಾ. ಓದಲಿಲ್ವಾ?"

"ಕಾಣಲಿಲ್ಲ ಅಣ್ಣಾ."

"ಹೆಂಗೆ ಕಾಣಲ್ಲ? ದಪ್ಪಕ್ಷರದಲ್ಲಿ ಬರೆದಿದೀನಿ. 'ಸಮಸ್ತರಿಗೂ ನಮಸ್ಕಾರ'..." ಎಂದವರು ಕಡ್ಡಿಯಣ್ಣನ ಮುಖ ನೋಡಿ ನಿಲ್ಲಿಸಿದರು. ಅವನ ಮುಖದಲ್ಲಿ ಸುಳ್ಳು ನಿಲ್ಲುತ್ತಿರಲಿಲ್ಲ. "ನನ್ನನ್ನೇ ಮುಚ್ಚಿದ್ಯಾ?"

ಕಟಿಂಗ್ ಅಂಗಡಿಯವನು ಬಾಗಿಲಲ್ಲಿ ನಿಂತು ನಕ್ಕ. ನಕ್ಕಿದ್ದು ಅತಿಯಾಯಿತು. "ನಗಬೇಡ, ನಿನ್ನ ಕುತ್ತಿಗೆಗಳನ್ನೂ ಮುಚ್ಚಿದಾನೆ," ಎಂದರು ಬೀಗದಣ್ಣ. ಅವನ ನಗುವೂ ನಿಂತಿತು. ವರ್ಷಗಳಿಂದ ಮುಖ ತಿರುಗಿಸುತ್ತಿದ್ದ ಇಬ್ಬರೂ ಒಂದಾಗಿ, ಕಡ್ಡಿಯಣ್ಣನ ಕಡೆ ಒಂದು ನೋಟ ಬೀರಿ, ಜೊತೆಯಾಗಿ ಹೊರಟು ಹೋದರು.

ಡ್ರಾಯರ್ ಎಳೆದ. ಮೂರು ವರ್ಷದ ಕಾಗದಗಳು ಒಂದಕ್ಕೊಂದು ಅಂಟಿ ನೀಲಿ ಮುದ್ದೆಯಾಗಿದ್ದವು. ಲಕೋಟೆಗಳ ಬಾಯಿಗಳು ತಾವಾಗಿಯೇ ಮುಚ್ಚಿಕೊಂಡಿದ್ದವು, ಒಳಗೆ ಏನೂ ಇಲ್ಲದೆ.

ಅವನು ಒಂದೊಂದೇ ಕೊಡೆ ಬಿಡಿಸಿ ಒಣಗಲು ಇಟ್ಟ. ಅಂಗಡಿ ತುಂಬಿ ಹೊರಗಿನ ದಾರಿಗೆ ಚೆಲ್ಲಿತು. ಕಪ್ಪು, ಕೆಂಪು, ಹೂವಿನದು, ಚೌಕಳಿಯದು. ಮೊಳೆಯ ಮೇಲಿದ್ದ ನೀಲಿಯದು ಒದ್ದೆಯಾಗಿರಲಿಲ್ಲ. ಆದರೂ ಅದನ್ನೂ ಬಿಡಿಸಿ ತನ್ನ ತಲೆಯ ಮೇಲೆ ಕಟ್ಟಿದ. ಬಿಸಿಲು ಅದರ ಮೂಲಕ ಇಳಿದು ಕೀಬೋರ್ಡಿನ ಮೇಲೆ ನೀಲಿಯಾಗಿ ಹರಡಿತು. ನೀರಿನ ಹನಿಗಳು ಸುತ್ತಲೂ ತೊಟ್ಟಿಕ್ಕುತ್ತಿದ್ದವು. ಯಾವುದೋ ಊರಿನ ಮಳೆಯ ನಡುವೆ ತಾನೊಬ್ಬನೇ ಒಣಗಿ ಕುಳಿತಂತೆ ಅವನಿಗಾಯಿತು.

ಚಿಕ್ಕಮ್ಮ ಅಂಗಡಿಗೆ ಬಾಗಿಲೆಳೆದು ಊಟಕ್ಕೆ ಹೋಗಿದ್ದಳು. ಕಾಗದವಿಲ್ಲ. ಆಕಾಶದ ಚಿತ್ರದ ಕೆಳಗೆ ಒಂದು ಖಾಲಿ ಗೆರೆ ಇತ್ತು. ಅಲ್ಲಿ ಯಾರೂ ಬರೆದದ್ದನ್ನು ಅವನು ನೋಡಿರಲಿಲ್ಲ. ಫೋಟೋದ ಬೆನ್ನಿಗೆ ಬರೆದು ಕೊಟ್ಟ ಹಾಗೆ, ಅಲ್ಲಿ ಬರೆದದ್ದು ಚಿತ್ರದ ಒಡತಿಗೆ ಮಾತ್ರ ಹೋಗುತ್ತದೆ ಎಂದು ತಿಳಿದ. ಒಂದೊಂದೇ ಅಕ್ಷರ ಒತ್ತಿದ.

'ಮಾನ್ಯರೇ, ನಿಮ್ಮ ಕೊಡೆ ಸಿದ್ಧವಾಗಿದೆ.'

ಕಳಿಸುವ ಬಾಣದ ಗುರುತು ಒತ್ತಿದ. ಅಕ್ಷರಗಳು ಕನ್ನಡಿಯ ಮೇಲಿನ ಉಸಿರಿನಂತೆ ಕರಗಿ ಹೋದವು. ಗೆರೆ ಮತ್ತೆ ಖಾಲಿ.

ಹೋಗಲಿಲ್ಲ ಎಂದುಕೊಂಡ. ಮತ್ತೆ ಬರೆದ, ಸ್ವಲ್ಪ ಉದ್ದವಾಗಿ. 'ನಿಮ್ಮ ಕೊಡೆ ಸಿದ್ಧವಾಗಿ ಕೆಲವು ಕಾಲವಾಯಿತು.' ಒತ್ತಿದ. ಕರಗಿತು.

ಮೂರನೆಯದರಲ್ಲಿ ಕ್ಷಮೆ ಕೇಳಿದ. ಕರಗಿತು. ನಾಲ್ಕನೆಯದಕ್ಕೆ ಅವನ ಹೆದರಿಕೆಯೂ ಕರಗಿತು. ಹೇಗಿದ್ದರೂ ಹೋಗುವುದಿಲ್ಲ, ಬರೆದರೆ ಏನಾಯಿತು? ಮೂರು ವರ್ಷ ಹರಿದು ಹಾಕಿದ್ದನ್ನು ಈ ಯಂತ್ರ ತಾನೇ ಹರಿದು ಹಾಕುತ್ತಿದೆ. 'ಈ ಕೊಡೆಯ ಕಡ್ಡಿ ಕಟ್ಟಿದ್ದು ಅರ್ಧ ಗಂಟೆಯಲ್ಲಿ. ಕೊಡಬೇಕಲ್ಲ ಎಂದು ಕೊರಗಿದ್ದು ಮೂರು ವರ್ಷ' ಎಂದು ಬರೆದ. ಐದು, ಆರು, ಏಳು. 'ನಿಮ್ಮ ಆಕಾಶ ನೋಡಿದ ದಿನ ನಾನು ಹೊಲಿದ ಕೊಡೆಗೆ ನೀರು ಇಳಿಯುವುದಿಲ್ಲ.' 'ಮಳೆ ಬಂದಾಗಲೆಲ್ಲ ನೀವು ನೆನೆಯುತ್ತಿದ್ದೀರಿ, ನಿಮ್ಮ ಕೊಡೆ ಇಲ್ಲಿ ಬೆಚ್ಚಗಿದೆ, ನಾನು ಎರಡರ ನಡುವೆ ಒದ್ದೆಯಾಗಿದ್ದೇನೆ.' ಕೊಡೆ ಎಂಬ ಪದವಿಲ್ಲದೆ ಅವನಿಗೆ ಒಂದು ಪ್ರೀತಿಯ ಮಾತೂ ಬರುತ್ತಿರಲಿಲ್ಲ. ಬಂದಿದ್ದರೆ ಅದೊಂದು ಅಲ್ಲೇ ನಿಂತು ಅವನನ್ನು ಎಚ್ಚರಿಸುತ್ತಿತ್ತು. ಹದಿಮೂರನೆಯದರಲ್ಲಿ ಕೇಳಬೇಕಾದ ಮಾತನ್ನೂ ಕೇಳಿಬಿಟ್ಟ. 'ಒಂದು ಕೊಡೆಯಲ್ಲಿ ಇಬ್ಬರು ಹಿಡಿಸುತ್ತಾರೆ. ಅಳತೆ ನೋಡಿದ್ದೇನೆ. ನೀವು ಒಪ್ಪುತ್ತೀರಾ?'

ಅದೂ ಕರಗಿತು. ಅವನು ನೀಲಿ ನೆರಳಿನಲ್ಲಿ ಕಣ್ಣು ಮುಚ್ಚಿ ಕುಳಿತ. ಹಗುರವಾಗಿದ್ದ, ನೂಲಿನ ಉಂಡೆ ಬಿಚ್ಚಿದಂತೆ.

ಕಣ್ಣು ಬಿಟ್ಟಾಗ ಕಟಿಂಗ್ ಅಂಗಡಿಯವನು ನಿಂತಿದ್ದ, ಕೈಯಲ್ಲಿ ಸೋಪಿನ ಬಟ್ಟಲು. "ಕೂತಿರಣ್ಣಾ, ಏಳಬೇಡಿ. ಗಡ್ಡ ತೆಗೀತೀನಿ."

"ಯಾಕೆ?"

"ಇರಲಿ ಅಂತ. ಇಂಥ ದಿನ ಮುಖ ಚೊಕ್ಕ ಇರಬೇಕು," ಎಂದು ಅವನು ಬಹಳ ಮೃದುವಾಗಿ ನೊರೆ ಹಚ್ಚಿದ. ಬೀಗದಣ್ಣ ಚಹಾ ತಂದು ಪಕ್ಕದಲ್ಲಿಟ್ಟು, ಏನೋ ಹೇಳಲು ಹೊರಟು, ಕಣ್ಣೊರೆಸಿಕೊಂಡು ಹೋದರು. ದಾರಿಯಲ್ಲಿ ಹೋಗುವ ಯಾರೋ ಗುರುತಿಲ್ಲದ ಹೆಂಗಸು, "ಎರಡರ ನಡುವೆ ಒದ್ದೆ ಆಗಿರೋರು ಇವರೇನಾ?" ಎಂದು ಪಕ್ಕದವಳನ್ನು ಕೇಳಿದಳು. ನೀರು ನುಗ್ಗಿದ ಸುದ್ದಿ ಇಷ್ಟು ದೂರ ಹಬ್ಬಿತೇ ಎಂದು ಅವನಿಗೆ ಆಶ್ಚರ್ಯವಾಯಿತು. ಎಲ್ಲರೂ ಒಳ್ಳೆಯವರು, ತಾನೇ ಅವರನ್ನು ಮುಚ್ಚಿಟ್ಟೆ ಎಂದು ಪಶ್ಚಾತ್ತಾಪವೂ ಆಯಿತು.

ಆ ಪಶ್ಚಾತ್ತಾಪದಿಂದಲೇ ಐದು ಗಂಟೆಗೆ ಕನ್ನಡಕದಕ್ಕನನ್ನು ಮತ್ತೆ ಕರೆದ. "ಎಲ್ಲ ತೆಗೆದುಬಿಡಿ ಅಕ್ಕಾ. ಕಸ ಇದ್ದರೂ ಇರಲಿ. ಜೊತೆಗೆ ಈ ಗೆರೆ ಕೆಟ್ಟಿದೆ ನೋಡಿ, ಬರೆದದ್ದು ನಿಲ್ಲಲ್ಲ."

ಅಕ್ಕ ಒಂದೊಂದೇ ಪದ ಅಳಿಸಿದಳು. ಕುತ್ತಿಗೆಗಳು ಬಂದವು. ಹಿತವಚನ ಬಂತು. ಕೊನೆಗೆ 'ಕೊಡೆ' ಅಳಿಸಿದಳು.

ಆಕಾಶದ ಕೆಳಗೆ ಹದಿಮೂರು ಕಾಗದಗಳು ಸಾಲಾಗಿ ನಿಂತಿದ್ದವು. ಒಂದೊಂದಕ್ಕೂ ಇನ್ನೂರು ಮುನ್ನೂರು ಲೈಕು. ಒಂದೊಂದರ ಅಡಿಯಲ್ಲಿ, ಅದರ ಜೊತೆಗೇ ಮರೆಯಾಗಿದ್ದಂತೆ, ಊರಿಗೆ ಊರೇ ಬರೆದಿತ್ತು. 'ಏಳನೆಯದು ಓದಿ ಅತ್ತೆ.' 'ಟೀಚರ್, ಒಪ್ಪಿಕೊಳ್ಳಿ.' 'ನಮ್ಮ ಪಕ್ಕದ ಅಂಗಡಿಯವರು, ನಾನೇ ಕಟಿಂಗ್ ಮಾಡುವುದು.' ಬೀಗದಣ್ಣ ಹದಿಮೂರಕ್ಕೂ 'ಸಮಸ್ತರಿಗೂ ನಮಸ್ಕಾರ' ಎಂದು ಶುರು ಮಾಡಿ ಉದ್ದುದ್ದ ಶಿಫಾರಸು ಬರೆದಿದ್ದರು.

ಕಡ್ಡಿಯಣ್ಣ ಮುಚ್ಚಿದ ಕೊಡೆಯಂತೆ ಕುರ್ಚಿಯೊಳಗೆ ಇಳಿದ. ಅಲ್ಲಿಂದಲೇ, "ಅವರು?" ಎಂದ. "ಅವರೇನು ಬರೆದಿದಾರೆ?"

ಅಕ್ಕ ಮೇಲಿನಿಂದ ಕೆಳಗೆ ಹುಡುಕಿದಳು. ಟೀಚರ್ ಆ ಮಧ್ಯಾಹ್ನ ಎರಡು ಸಲ ಬಂದಿದ್ದರು, ಯಾರೋ ಊರು ಯಾವುದೆಂದು ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದರು. ಹದಿಮೂರು ಕಾಗದಗಳ ಬಗ್ಗೆ ಒಂದಕ್ಷರ ಇಲ್ಲ.

"ಓದಿಯೂ ಸುಮ್ಮನಿದ್ದಾರೆ," ಎಂದ ಕಡ್ಡಿಯಣ್ಣ, ಸತ್ತ ದನಿಯಲ್ಲಿ.

ಕನ್ನಡಕದಕ್ಕ ತನ್ನ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡಳು. "ಓದಿಲ್ಲ ತಮ್ಮಾ. ಅವರಿಗೆ ಕಾಣಲ್ಲ. ಹೋದ ವಾರ ಒಬ್ರು ಗಿರಾಕಿಗೆ ಇದೇ ಪದ ಮುಚ್ಚಿಕೊಟ್ಟೆ ಅಂದ್ನಲ್ಲ, ಅವರೇ ಇವರು. ಕನ್ನಡಕಕ್ಕೆ ಬಂದಿದ್ರು. ಕೊಡೆ ಜಾಹೀರಾತಿನ ಕಾಟ ತಡೆಯಕ್ಕಾಗಲ್ಲ ಅಂದ್ರು."

"ಅವರಿಗ್ಯಾಕೆ ಕೊಡೆ ಜಾಹೀರಾತು?"

"ಮೂರು ವರ್ಷದ ಹಿಂದೆ ಎಲ್ಲೋ ರಿಪೇರಿಗೆ ಕೊಟ್ಟಿದ್ರಂತೆ. ಬರೋ ಹಾಗೆ ಕಾಣಲ್ಲ, ಹೊಸದು ಕೊಳ್ಳೋಣ ಅಂತ ಒಂದೇ ಒಂದು ಸಲ ಹುಡುಕಿದ್ರಂತೆ."

ಬಾಗಿಲಲ್ಲಿ ಆಗಲೇ ಒಂದು ಗುಂಪು ಸೇರಿತ್ತು. ಊರೆಲ್ಲ ಓದಿತ್ತು, ಓದಬೇಕಾದ ಒಬ್ಬರನ್ನು ಬಿಟ್ಟು.

"ಫೋನ್ ಮಾಡಿ ಆ ಪದ ತೆಗೀರಿ ಅಂತ ಹೇಳ್ಲಾ?" ಎಂದಳು ಅಕ್ಕ.

"ಬೇಡ," ಎಂದ ಕಡ್ಡಿಯಣ್ಣ. ಇಡೀ ಜೀವನದಲ್ಲಿ ಅವನು ಇಲ್ಲ ಎಂದದ್ದು ಅದೇ ಮೊದಲು. "ಈ ಜಾತ್ರೆಯ ನಡುವೆ ಅವರು ಓದೋದು ಬೇಡ. ಎಲ್ಲ ಅಳಿಸಿ." ಅಕ್ಕ ನಿಟ್ಟುಸಿರಿಟ್ಟು ಹದಿಮೂರನ್ನೂ ಒಂದೊಂದಾಗಿ ಅಳಿಸಿದಳು. ಈ ಸಲ ಅವು ನಿಜವಾಗಿಯೂ ಹೋದವು.

ಗಡಿಯಾರ ಐದೂಕಾಲು ತೋರಿಸುತ್ತಿತ್ತು. ಚಿಕ್ಕಮ್ಮ ಜನರನ್ನು ಸರಿಸಿಕೊಂಡು ಬಂದು ಒಂದು ಹೊಸ ಕಾಗದ, ಒಂದು ಲಕೋಟೆ ಮೇಜಿನ ಮೇಲಿಟ್ಟಳು. "ಬರಿ ಮಗಾ. ಇನ್ನೂ ಕಾಲು ಗಂಟೆ ಇದೆ."

ಅವನು ಪೆನ್ನು ಹಿಡಿದ. ನಾಲ್ಕು ತಲೆಗಳು ಅವನ ಹೆಗಲ ಮೇಲೆ ಬಾಗಿದವು.

"ನಾಲ್ಕನೇದು ಬರೀರಿ ಅಣ್ಣಾ, ನಂಗೆ ಬಾಯಿಪಾಠ ಆಗಿದೆ," ಎಂದ ಕಟಿಂಗ್ ಅಂಗಡಿಯವನು.

"ನಾಲ್ಕರಲ್ಲಿ ಏನಿದೆ? ಒಂಬತ್ತು ಗಂಭೀರವಾಗಿದೆ," ಎಂದರು ಬೀಗದಣ್ಣ.

"ಗಂಭೀರ ಯಾರಿಗೆ ಬೇಕು, ಸಂತಾಪ ಸೂಚನೇನಾ ಇದು?"

"ನೀನು ಕುತ್ತಿಗೆ ನೋಡ್ಕೋ ಹೋಗಯ್ಯಾ."

"ಸ್ವಲ್ಪ ಸುಮ್ಮನಿರಿ, ಅವನಿಗೆ ಬರೆಯೋಕೆ ಬಿಡಿ," ಎಂದು ಅಕ್ಕ ಗದರಿ, ತಾನೇ ಇನ್ನಷ್ಟು ಬಗ್ಗಿದಳು. "ಶುರುವಿಗೆ 'ಪ್ರಿಯ' ಅಂತ ಹಾಕ್ತೀಯೋ 'ಮಾನ್ಯ' ಅಂತಲೋ?"

ಪೆನ್ನಿನ ತುದಿ ಕಾಗದದ ಮೇಲೆ ನಿಂತಲ್ಲೇ ಒಂದು ಚುಕ್ಕೆ ಹುಟ್ಟಿ ದೊಡ್ಡದಾಗುತ್ತಾ ಹೋಯಿತು. ಮಧ್ಯಾಹ್ನ ಹಕ್ಕಿಯ ಹಾಗೆ ಬಂದಿದ್ದ ಮಾತುಗಳಲ್ಲಿ ಒಂದೂ ತಿರುಗಿ ಬರಲಿಲ್ಲ. ಸಾಲಿನ ತುದಿಯಲ್ಲಿ ಅಂಚೆಯವನ ಸೈಕಲ್ ಸ್ಟ್ಯಾಂಡ್ ಹಾಕಿದ ಸದ್ದು ಕೇಳಿತು. ಪೆಟ್ಟಿಗೆಯ ಬೀಗ ತೆಗೆದದ್ದೂ ಕೇಳಿತು.

ಕಡ್ಡಿಯಣ್ಣ ದಡಬಡಿಸಿ ಎದ್ದ. ಮೇಲಿನ ಡ್ರಾಯರಿನಿಂದ ಅಪ್ಪನ ಕಾಲದ ಒಂದು ಅಚ್ಚಿನ ಕಾರ್ಡು ಎಳೆದು, ಮೂರು ವರ್ಷದಿಂದ ಬಾಯಿಪಾಠವಾಗಿದ್ದ ವಿಳಾಸವನ್ನು ಒಂದೇ ಉಸಿರಿಗೆ ಬರೆದ. ಚಿಕ್ಕಮ್ಮ ನಾಲಿಗೆಗೆ ಒತ್ತಿದ ಅಂಚೆಚೀಟಿಯನ್ನು ಅಂಟಿಸಿದಳು. ಅವನು ಓಡಿದ. ಬಿಡಿಸಿಟ್ಟ ಕೊಡೆಗಳು ಎರಡೂ ಕಡೆ ಉರುಳಿದವು. ಕೊಡೆಗಳ ಹಿಂದೆ ನಾಲ್ವರೂ ಓಡಿದರು. ಅಂಚೆಯವನು ಚೀಲದ ಬಾಯಿ ಕಟ್ಟುತ್ತಿದ್ದವನು ಇವರ ದಂಡು ನೋಡಿ ಕೈ ತಡೆದ.

ಗಾಜಿನ ಸೂರಿನ ಮೇಲೆ ಸಂಜೆಯ ಆಕಾಶ ಥೇಟ್ ಚಿತ್ರದಲ್ಲಿದ್ದಂತೆ ಹರಡಿತ್ತು. ಮೂಲೆಯಲ್ಲಿ ಒಂದು ಹಕ್ಕಿಯೂ ಇತ್ತು. ಕಡ್ಡಿಯಣ್ಣ ಕಾರ್ಡನ್ನು ಕೊನೆಯ ಬಾರಿ ಕಣ್ಣಿಗೆ ಹಿಡಿದ. 'ನಿಮ್ಮ ಕೊಡೆ ಸಿದ್ಧವಾಗಿದೆ.' ಒಣ ಮಾತೇ ಆದರೂ ಸುಳ್ಳಲ್ಲ. ಬಂದರೆ ಬರುತ್ತಾರೆ, ಬಂದಾಗ ನೋಡೋಣ ಎಂದುಕೊಂಡ. ಚೀಲದ ಬಾಯಿಯ ಮೇಲೆ ಕೈ ಸಡಿಲವಾಯಿತು. ಕಾರ್ಡು ಬೆರಳಿನಿಂದ ಜಾರುವ ಹೊತ್ತಿಗೆ, ಇಷ್ಟು ವರ್ಷ ಯಾವತ್ತೂ ಓದದಿದ್ದ ಅಪ್ಪನ ಸಣ್ಣಕ್ಷರದ ಸಾಲು ಅವನ ಕಣ್ಣಿಗೆ ಬಿತ್ತು:

'ಹದಿನೈದು ದಿನಗಳೊಳಗೆ ಒಯ್ಯದಿದ್ದಲ್ಲಿ ತಡಕ್ಕೆ ತಾವೇ ಹೊಣೆ. ಮತ್ತೆ ಬರೆಯಲಾಗುವುದಿಲ್ಲ.'

ಅಂಚೆಯವನು ಚೀಲದ ಬಾಯಿ ಬಿಗಿದು, ಸೈಕಲ್ ಹತ್ತಿ, ಸೇತುವೆಯ ಕಡೆ ತಿರುಗಿದ.